ತೂಕ ಇಳಿಸುವ ಮದ್ದುಗಳು: ಚೀಟಿ ಬೇಕಾದವು, ಚೀಟಿ ಬೇಡದವು

ಕಳೆದ ವರ್ಷ ದ್ವಿತೀಯ ಪಿಯುಸಿ ವಿದ್ಯಾರ್ಥಿನಿಯೊಬ್ಬಳು ಪ್ರಯೋಗಾಲಯದ ಕೆಲಸ ಮುಗಿಸಿ ಹೊರಡುವ ಮುನ್ನ ನನ್ನ ಮೇಜಿನ ಮೇಲೆ ಒಂದು ಹಾಳೆ ಇಟ್ಟಳು. ಯಾವುದೋ ಪುರವಣಿಯಿಂದ ಕತ್ತರಿಸಿಕೊಂಡಿದ್ದ ಹೋಲಿಕೆಯ ಪಟ್ಟಿ. ಎಡಗಡೆ, ತೂಕ ಇಳಿಸಲು ವೈದ್ಯರ ಚೀಟಿಯ ಮೇಲೆ ಕೊಡುವ ಮದ್ದುಗಳು. ಬಲಗಡೆ, ಚೀಟಿಯಿಲ್ಲದೆ ಅಂಗಡಿಯಲ್ಲಿ ಸಿಗುವವು. ಎಡಗಡೆಯವುಗಳ ಮುಂದೆ ‘ತೀಕ್ಷ್ಣ, ಬೇಗ ಫಲ, ಅಡ್ಡಪರಿಣಾಮ ಉಂಟು’ ಎಂದಿತ್ತು. ಬಲಗಡೆಯವುಗಳ ಮುಂದೆ ‘ಸೌಮ್ಯ, ನಿಧಾನ, ಸುರಕ್ಷಿತ, ಬಹುಪಾಲು ನೈಸರ್ಗಿಕ’ ಎಂದಿತ್ತು. “ಸಾರ್, ಬಲಗಡೆಯದನ್ನ ತಗೊಂಡ್ರೆ ಏನೂ ಆಗಲ್ಲ ಅಲ್ವಾ?” ಎಂಬುದು ಅವಳ ಪ್ರಶ್ನೆ. ಅಕ್ಕನ ಮದುವೆಗೆ ಎರಡು ತಿಂಗಳಿತ್ತು.

ಇಂಥ ಪಟ್ಟಿಗಳನ್ನು ನೀವೂ ನೋಡಿರುತ್ತೀರಿ. ಓದಲು ಸುಲಭ, ನೆನಪಿನಲ್ಲಿ ಉಳಿಯುವುದೂ ಸುಲಭ. ಆದರೆ ಇಲ್ಲಿ ಹೋಲಿಕೆಯಾಗಿರುವುದು ಮಾರಾಟದ ನಿಯಮ, ಮದ್ದಲ್ಲ. ನಿಯಮದಲ್ಲಿರುವ ವ್ಯತ್ಯಾಸವನ್ನೇ ಮದ್ದಿನ ಗುಣದಲ್ಲಿರುವ ವ್ಯತ್ಯಾಸವೆಂದು ಓದುಗ ತಿಳಿದುಕೊಳ್ಳುವಂತೆ ಪಟ್ಟಿ ಮಾಡುತ್ತದೆ. ಈ ತಪ್ಪು ಎಲ್ಲಿಗೆ ಒಯ್ಯುತ್ತದೆ ಎಂಬುದನ್ನು ಪಟ್ಟಿಯ ಒಂದೊಂದೇ ಸಾಲನ್ನು ಹಿಡಿದು ನೋಡೋಣ.

ಒಂದೇ ಅಣು, ಎರಡು ಡಬ್ಬಿ

ಮೊದಲ ಸಾಲು: ಚೀಟಿಯ ಮದ್ದು ತೀಕ್ಷ್ಣ, ಚೀಟಿಯಿಲ್ಲದ್ದು ಸೌಮ್ಯ. ಇದನ್ನು ಪರೀಕ್ಷಿಸಲು ಆರ್ಲಿಸ್ಟಾಟ್ ಎಂಬ ಔಷಧ ಒಳ್ಳೆಯ ಉದಾಹರಣೆ. ಸ್ಟ್ರೆಪ್ಟೊಮೈಸಿಸ್ ಟಾಕ್ಸಿಟ್ರಿಸಿನಿ ಎಂಬ ಬ್ಯಾಕ್ಟೀರಿಯ ತಯಾರಿಸುವ ಲಿಪ್‌ಸ್ಟಾಟಿನ್ ಎಂಬ ವಸ್ತುವಿಗೆ ಹೈಡ್ರೊಜನ್ ಸೇರಿಸಿದರೆ ದೊರೆಯುವ ಸಂಯುಕ್ತವಿದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ 1999ರಲ್ಲಿ ಇದರ 120 ಮಿಲಿಗ್ರಾಂ ಮಾತ್ರೆಯನ್ನು ‘ಝೆನಿಕಲ್’ ಎಂಬ ಹೆಸರಿನಲ್ಲಿ ಚೀಟಿಯ ಔಷಧವಾಗಿ ಒಪ್ಪಿತು. 2007ರಲ್ಲಿ ಅದೇ ಅಣುವಿನ 60 ಮಿಲಿಗ್ರಾಂ ಮಾತ್ರೆಯನ್ನು ‘ಆಲಿ’ ಎಂಬ ಹೆಸರಿನಲ್ಲಿ ಚೀಟಿಯಿಲ್ಲದೆ ಮಾರಲು ಅನುಮತಿ ಕೊಟ್ಟಿತು. 2009ರಲ್ಲಿ ಯುರೋಪ್ ಒಕ್ಕೂಟವೂ ಹಾಗೆಯೇ ಮಾಡಿತು.

ಇದರ ಕೆಲಸ ಕರುಳಿನೊಳಗೆ. ನಾವು ತಿನ್ನುವ ಎಣ್ಣೆ, ತುಪ್ಪಗಳ ಟ್ರೈಗ್ಲಿಸರೈಡ್ ಅಣುಗಳು ಹಾಗೆಯೇ ಕರುಳಿನ ಗೋಡೆಯನ್ನು ದಾಟಲಾರವು. ಮೇದೋಜೀರಕ ಗ್ರಂಥಿಯಿಂದ ಬರುವ ಲೈಪೇಸ್ ಕಿಣ್ವ ಅವನ್ನು ಕತ್ತರಿಸಬೇಕು. ಆರ್ಲಿಸ್ಟಾಟ್ ಈ ಕಿಣ್ವದ ಕ್ರಿಯಾತಾಣದಲ್ಲಿರುವ ಸೆರೀನ್ ಎಂಬ ಅಮೈನೊ ಆಮ್ಲಕ್ಕೆ ಸಹವೇಲೆನ್ಸಿ ಬಂಧದಿಂದ ಅಂಟಿಕೊಂಡು ಕತ್ತರಿಯನ್ನೇ ಕಟ್ಟಿಹಾಕುತ್ತದೆ. ಜೀರ್ಣವಾಗದ ಕೊಬ್ಬು ಮಲದೊಡನೆ ಹೊರಹೋಗುತ್ತದೆ. ಮದ್ದು ಮಾತ್ರ ರಕ್ತಕ್ಕೆ ಸೇರುವುದು ಅತ್ಯಲ್ಪ.

ಈಗ ಲೆಕ್ಕ ಮಾಡಿ. 120 ಮಿಲಿಗ್ರಾಂ ಪ್ರಮಾಣದಲ್ಲಿ ತಿಂದ ಕೊಬ್ಬಿನ ಶೇಕಡಾ 30ರಷ್ಟು ಹೀರಲ್ಪಡದೆ ಉಳಿಯುತ್ತದೆ. 60 ಮಿಲಿಗ್ರಾಂನಲ್ಲಿ ಶೇಕಡಾ 25ರಷ್ಟು. ದಿನಕ್ಕೆ 60 ಗ್ರಾಂ ಕೊಬ್ಬು ತಿನ್ನುವವರಲ್ಲಿ ಇದು ಕ್ರಮವಾಗಿ 18 ಗ್ರಾಂ ಮತ್ತು 15 ಗ್ರಾಂ. ಗ್ರಾಂಗೆ 9 ಕಿಲೊಕ್ಯಾಲರಿಯಂತೆ 162 ಮತ್ತು 135 ಕಿಲೊಕ್ಯಾಲರಿ. ಮದ್ದಿನ ಪ್ರಮಾಣ ಅರ್ಧಕ್ಕಿಳಿದರೂ ಪರಿಣಾಮ ಇಳಿದದ್ದು ಆರನೇ ಒಂದು ಭಾಗ ಮಾತ್ರ. ಪ್ರಮಾಣ ಮತ್ತು ಪರಿಣಾಮಗಳ ನಕ್ಷೆ ಸರಳರೇಖೆಯಲ್ಲ, ಮೇಲೇರುತ್ತ ಚಪ್ಪಟೆಯಾಗುವ ವಕ್ರರೇಖೆ ಎಂಬುದಕ್ಕೆ ತರಗತಿಯಲ್ಲಿ ಬಳಸಬಹುದಾದ ಉದಾಹರಣೆಯಿದು. ‘ತೀಕ್ಷ್ಣ’, ‘ಸೌಮ್ಯ’ ಎಂಬ ಪದಗಳಿಗೆ ಇಲ್ಲಿರುವ ಅರ್ಥ ದಿನಕ್ಕೆ 27 ಕಿಲೊಕ್ಯಾಲರಿ!

ಇನ್ನೊಂದು ಮಾತು. ಆರ್ಲಿಸ್ಟಾಟ್‌ಗೆ ಪಿಷ್ಟವಾಗಲಿ ಸಕ್ಕರೆಯಾಗಲಿ ಕಾಣಿಸುವುದಿಲ್ಲ. ಮುದ್ದೆ, ಸೊಪ್ಪಿನ ಸಾರು, ಅನ್ನ, ಮಜ್ಜಿಗೆಯ ಊಟದಲ್ಲಿ 5 ಗ್ರಾಂ ಕೊಬ್ಬಿದ್ದರೆ ಮದ್ದು ತಡೆಯುವುದು ಒಂದೂವರೆ ಗ್ರಾಂ. ಅಂದರೆ 14 ಕಿಲೊಕ್ಯಾಲರಿಗಿಂತ ಕಡಿಮೆ. ಒಂದು ಚಮಚ ಸಕ್ಕರೆ ಅದನ್ನು ಸರಿದೂಗಿಸಿಬಿಡುತ್ತದೆ. ಕೊಬ್ಬು ಹೆಚ್ಚಿರುವ ಊಟಕ್ಕೆಂದು ರೂಪಿಸಿದ ಮದ್ದನ್ನು, ಪಿಷ್ಟ ಹೆಚ್ಚಿರುವ ಊಟ ಮಾಡುವವರು ಹೋಲಿಕೆಯ ಪಟ್ಟಿ ನೋಡಿ ಕೊಂಡರೆ ಏನಾದೀತು ಎಂಬುದನ್ನು ಪಟ್ಟಿ ಹೇಳುವುದಿಲ್ಲ.

ಹಾಗಾದರೆ 2007ರಲ್ಲಿ ಬದಲಾದದ್ದೇನು? ಚೀಟಿಯಿಲ್ಲದ ಮಾರಾಟಕ್ಕೆ ಬಿಡುವ ಮುನ್ನ ನಿಯಂತ್ರಕರು ಕೇಳುವ ಪ್ರಶ್ನೆಗಳು ಬೇರೆ. ಕೊಳ್ಳುವವರು ತಮ್ಮ ಸ್ಥಿತಿಯನ್ನು ತಾವೇ ಗುರುತಿಸಬಲ್ಲರೆ? ಡಬ್ಬಿಯ ಮೇಲಿನ ಸೂಚನೆ ಓದಿ ಸರಿಯಾಗಿ ನಡೆದುಕೊಳ್ಳಬಲ್ಲರೆ? ವೈದ್ಯರ ನಿಗಾ ಇಲ್ಲದಿದ್ದರೂ ಅಪಾಯ ಮಿತಿಯಲ್ಲಿರುತ್ತದೆಯೆ? ಆದ್ದರಿಂದಲೇ ಆ ಸೂಚನೆಗಳು ಉದ್ದವಾಗಿವೆ. 18 ವರ್ಷ ತುಂಬಿರಬೇಕು. ಕೊಬ್ಬಿನಲ್ಲಿ ಕರಗುವ ಎ, ಡಿ, ಇ, ಕೆ ಜೀವಸತ್ವಗಳೂ ನಷ್ಟವಾಗುವುದರಿಂದ ಮಲಗುವ ಮುನ್ನ ಬಹುಜೀವಸತ್ವದ ಮಾತ್ರೆ ತೆಗೆದುಕೊಳ್ಳಬೇಕು. ಅಂಗ ಕಸಿಯಾಗಿ ಸೈಕ್ಲೊಸ್ಪೊರಿನ್ ಸೇವಿಸುತ್ತಿರುವವರು ಮುಟ್ಟಕೂಡದು. ವಾರ್ಫರಿನ್ ಅಥವಾ ಥೈರಾಯ್ಡ್ ಮಾತ್ರೆ ಸೇವಿಸುವವರು ವೈದ್ಯರನ್ನು ಕೇಳಬೇಕು. ಯುರೋಪಿನಲ್ಲಿ ದೇಹತೂಕ ಸೂಚ್ಯಂಕ 28 ಅಥವಾ ಹೆಚ್ಚಿರಬೇಕು, ಆರು ತಿಂಗಳು ಮೀರಬಾರದು. ಎಣ್ಣೆಯಂಥ ಸ್ರಾವ, ತಡೆಯಲಾಗದ ಮಲವೇಗಗಳು ಸಾಮಾನ್ಯ. ಯಕೃತ್ತಿಗೆ ತೀವ್ರ ಹಾನಿಯಾದ ಅಪರೂಪದ ವರದಿಗಳು ಬಂದ ಮೇಲೆ 2010ರಲ್ಲಿ ಎರಡೂ ಡಬ್ಬಿಗಳ ಮೇಲೆ ಅಮೆರಿಕ ಎಚ್ಚರಿಕೆ ಸೇರಿಸಿತು. ಚೀಟಿ ಬೇಡವೆಂದಾಗ ವೈದ್ಯರು ಮಾಡುತ್ತಿದ್ದ ವಿಚಾರಣೆ ರದ್ದಾಗುವುದಿಲ್ಲ; ಅದನ್ನು ಕೊಳ್ಳುವವರೇ ಮಾಡಿಕೊಳ್ಳಬೇಕಾಗುತ್ತದೆ.

ನಮ್ಮ ದೇಶದ ಔಷಧ ನಿಯಮಗಳಲ್ಲಂತೂ ‘ಚೀಟಿಯಿಲ್ಲದ ಔಷಧ’ ಎಂಬ ವರ್ಗವನ್ನು ಪ್ರತ್ಯೇಕವಾಗಿ ವ್ಯಾಖ್ಯಾನಿಸಿ ಬೆಳೆಸಿಲ್ಲ. ಶೆಡ್ಯೂಲ್ ಎಚ್, ಎಚ್1, ಎಕ್ಸ್ ಮುಂತಾದ ಪಟ್ಟಿಗಳಲ್ಲಿ ಇಲ್ಲದ್ದು ಚೀಟಿಯಿಲ್ಲದೆ ಸಿಗುತ್ತದೆ, ಅಷ್ಟೆ. ಪಟ್ಟಿಯಲ್ಲಿರುವುದನ್ನೂ ಚೀಟಿ ಕೇಳದೆ ಕೊಡುವ ಅಂಗಡಿಗಳು ಇಲ್ಲವೆಂದು ನಮ್ಮಲ್ಲಿ ಯಾರೂ ಹೇಳಲಾರರು. ಹೀಗಿರುವಾಗ ಅಮೆರಿಕದ ಎರಡು ಕಪಾಟುಗಳ ಲೆಕ್ಕವನ್ನು ಇಲ್ಲಿಗೆ ಹಾಗೆಯೇ ತಂದು ಅಂಟಿಸುವುದು ಇನ್ನೊಂದು ತಪ್ಪು.

ಸುರಕ್ಷತೆಯ ಸಾಲು

ಎರಡನೆಯ ಸಾಲು: ಚೀಟಿ ಬೇಡವೆಂದರೆ ಸುರಕ್ಷಿತ. ಇದಕ್ಕೆ ಚರಿತ್ರೆಯೇ ಉತ್ತರ ಹೇಳಿದೆ.

ಫಿನೈಲ್‌ಪ್ರೊಪನಾಲಮೈನ್ ಎಂಬ ವಸ್ತು ಅಮೆರಿಕದಲ್ಲಿ ದಶಕಗಳ ಕಾಲ ನೆಗಡಿ ಮಾತ್ರೆಗಳಲ್ಲೂ ಹಸಿವು ತಗ್ಗಿಸುವ ಮಾತ್ರೆಗಳಲ್ಲೂ ಚೀಟಿಯಿಲ್ಲದೆ ಮಾರಾಟವಾಯಿತು. ಮಿದುಳಿನಲ್ಲಿ ರಕ್ತಸ್ರಾವವಾಗಿ ಪಾರ್ಶ್ವವಾಯು ಬಡಿದ ಕಿರಿಯ ವಯಸ್ಸಿನವರ ಬಗ್ಗೆ ನಡೆಸಿದ ಅಧ್ಯಯನ 2000ದ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. ಹಸಿವು ತಗ್ಗಿಸಲೆಂದು ಇದನ್ನು ಸೇವಿಸಿದ ಮಹಿಳೆಯರಲ್ಲಿ ಅಪಾಯ ಸುಮಾರು 16 ಪಟ್ಟು ಹೆಚ್ಚಿರುವಂತೆ ಕಂಡುಬಂತು. ಪ್ರಕಟಣೆಗೆ ಮೊದಲೇ, ನವೆಂಬರ್‌ನಲ್ಲಿ, ಮಾರುಕಟ್ಟೆಯಿಂದ ಹಿಂತೆಗೆಯುವಂತೆ ತಯಾರಕರಿಗೆ ಸೂಚನೆ ಹೋಗಿತ್ತು. ವಿದ್ಯಾರ್ಥಿಗಳು ಇಲ್ಲೊಂದು ಎಚ್ಚರಿಕೆ ವಹಿಸಬೇಕು. ಆ 16 ಪಟ್ಟು ಎಂಬ ಅಂಕಿ ನಿಂತಿರುವುದು ರೋಗಿಗಳ ಗುಂಪಿನಲ್ಲಿ ಆರು, ಹೋಲಿಕೆಯ ಗುಂಪಿನಲ್ಲಿ ಒಬ್ಬ ಮಹಿಳೆಯ ಮೇಲೆ. ಅದರ ಅನಿಶ್ಚಿತತೆ ಬಹಳ ದೊಡ್ಡದು. ಆದರೂ ನಿಯಂತ್ರಕರು ಕಾಯಲಿಲ್ಲ. ಕೆಲವು ಕಿಲೊ ತೂಕಕ್ಕಾಗಿ ಮಿದುಳಿನ ರಕ್ತಸ್ರಾವದ ಅಪಾಯವನ್ನು, ಅದು ಎಷ್ಟೇ ಅಪರೂಪವಾಗಿರಲಿ, ಒಪ್ಪಿಕೊಳ್ಳುವಂತಿರಲಿಲ್ಲ.

ಹಾಗೆಂದು ಚೀಟಿಯ ಮದ್ದುಗಳ ಚರಿತ್ರೆ ಶುದ್ಧವೇನಲ್ಲ. ಅಮೆರಿಕದಲ್ಲಿ 1973ರಿಂದ ಬಳಕೆಯಲ್ಲಿದ್ದ ಫೆನ್‌ಫ್ಲುರಮೈನ್ ಹೃದಯದ ಕವಾಟಗಳನ್ನು ಕೆಡಿಸುತ್ತದೆಂದು ತಿಳಿದು 1997ರಲ್ಲಿ ಹಿಂತೆಗೆಯಲಾಯಿತು. ಮೊದಲ ಸುಳಿವು ಕೊಟ್ಟದ್ದು ಅದನ್ನು ಫೆಂಟರ್ಮಿನ್ ಜೊತೆ ಸೇವಿಸಿದ 24 ಮಹಿಳೆಯರ ವರದಿ. ಆ ಜೋಡಿಯನ್ನು ಜೋಡಿಯಾಗಿ ಯಾವ ನಿಯಂತ್ರಕರೂ ಪರೀಕ್ಷಿಸಿ ಒಪ್ಪಿರಲಿಲ್ಲ. ಬೇರೆ ಬೇರೆಯಾಗಿ ಒಪ್ಪಿದ್ದನ್ನು ವೈದ್ಯರು ಕೂಡಿಸಿ ಬರೆದುಕೊಡುತ್ತಿದ್ದರು. ಯುರೋಪಿನಲ್ಲಿ 2006ರಲ್ಲಿ ಬಂದ ರಿಮೋನಬಂಟ್ ಖಿನ್ನತೆಯನ್ನು ಹೆಚ್ಚಿಸಿದ ಕಾರಣ 2008ರಲ್ಲಿ ನಿಂತಿತು. ಭಾರತ ಅದನ್ನು 2009ರಲ್ಲಿ ನಿಷೇಧಿಸಿತು. 2012ರಲ್ಲಿ ಅಮೆರಿಕ ಒಪ್ಪಿದ ಲೊರ್ಕಾಸೆರಿನ್, ಸೇವಿಸಿದವರಲ್ಲಿ ಕ್ಯಾನ್ಸರ್ ಪ್ರಕರಣಗಳು ತುಸು ಹೆಚ್ಚಿದ್ದುದರಿಂದ 2020ರಲ್ಲಿ ಹಿಂದೆ ಸರಿಯಿತು.

ಇವೆಲ್ಲಕ್ಕಿಂತ ಕಲಿಸುವಂಥದ್ದು ಸಿಬುಟ್ರಮೈನ್‌ನ ಕಥೆ. 1997ರಲ್ಲಿ ಅನುಮತಿ ಪಡೆದ ಈ ಮದ್ದು ತೂಕವನ್ನು ನಿಜವಾಗಿಯೂ ಇಳಿಸುತ್ತಿತ್ತು. ತೂಕ ಇಳಿದ ಮೇಲೆ ಹೃದಯಕ್ಕೆ ಒಳ್ಳೆಯದೇ ಆಗಬೇಕಲ್ಲವೆ? ಅದನ್ನು ಪರೀಕ್ಷಿಸಲು ಹೃದ್ರೋಗ ಅಥವಾ ಮಧುಮೇಹವಿದ್ದ ಸುಮಾರು 9800 ಮಂದಿಯನ್ನು ಮೂರು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದರು. ಹೃದಯಾಘಾತ, ಪಾರ್ಶ್ವವಾಯು, ಹೃದಯ ಸ್ತಂಭನ ಅಥವಾ ಹೃದಯ ಸಂಬಂಧಿ ಸಾವು ಮದ್ದು ಪಡೆದವರಲ್ಲಿ ಶೇಕಡಾ 11.4, ಹುಸಿಮದ್ದು ಪಡೆದವರಲ್ಲಿ ಶೇಕಡಾ 10. ತೂಕದ ಯಂತ್ರ ಒಳ್ಳೆಯ ಸುದ್ದಿ ಹೇಳಿತು, ಹೃದಯ ಕೆಟ್ಟ ಸುದ್ದಿ ಹೇಳಿತು. 2010ರಲ್ಲಿ ಯುರೋಪ್ ಮತ್ತು ಅಮೆರಿಕಗಳಲ್ಲಿ ಅದರ ಮಾರಾಟ ನಿಂತಿತು. 2011ರ ಫೆಬ್ರುವರಿಯಲ್ಲಿ ಭಾರತ ಸರ್ಕಾರವೂ ಅದರ ತಯಾರಿಕೆ ಮತ್ತು ಮಾರಾಟವನ್ನು ನಿಷೇಧಿಸಿತು.

ಹಾಗಾದರೆ ಚೀಟಿ ಇದ್ದರೂ ಅಪಾಯ, ಇಲ್ಲದಿದ್ದರೂ ಅಪಾಯ ಎಂದು ಕೈಚೆಲ್ಲಬೇಕೆ? ಬೇಡ. ಮೇಲಿನ ಪ್ರತಿಯೊಂದು ಪ್ರಸಂಗದಲ್ಲಿಯೂ ಒಂದು ಸಾಮಾನ್ಯ ಅಂಶವಿದೆ. ಆ ವಸ್ತುಗಳು ಔಷಧಗಳೆಂದು ಲೆಕ್ಕಕ್ಕೆ ಸೇರಿದ್ದವು. ಯಾರೋ ಎಣಿಸುತ್ತಿದ್ದರು, ಯಾರೋ ವರದಿ ಮಾಡಿದರು, ತೆಗೆಯಲು ಅಧಿಕಾರವಿದ್ದ ಯಾರೋ ತೆಗೆದರು. ತಡವಾಯಿತು, ಆದರೆ ತಪ್ಪು ಬಯಲಾಯಿತು. ಈ ಎಣಿಕೆಯೇ ದುರ್ಬಲವಾಗಿರುವ ಇನ್ನೊಂದು ಕಪಾಟು ಉಂಟು. ವಿದ್ಯಾರ್ಥಿನಿಯ ಪಟ್ಟಿಯ ಬಲಗಡೆಯಲ್ಲಿದ್ದ ಹೆಸರುಗಳಲ್ಲಿ ಹೆಚ್ಚಿನವು ಬಂದಿದ್ದುದು ಅಲ್ಲಿಂದ.

ಉಪ್ಪಾಗೆಯ ಕಥೆ

ಮೂರನೆಯ ಸಾಲು: ನೈಸರ್ಗಿಕ. ಇದರಲ್ಲಿ ನಮ್ಮ ಪಶ್ಚಿಮಘಟ್ಟದ ಮರವೊಂದರ ಪಾತ್ರವಿದೆ.

ಉತ್ತರ ಕನ್ನಡ, ಶಿವಮೊಗ್ಗ, ಕೊಡಗುಗಳ ಕಾಡಿನಲ್ಲಿ ಬೆಳೆಯುವ ಉಪ್ಪಾಗೆಯನ್ನು ಮಲೆನಾಡಿನವರಿಗೆ ಪರಿಚಯಿಸಬೇಕಿಲ್ಲ. ಅದರ ಬೀಜದಿಂದ ತುಪ್ಪ ತೆಗೆಯುತ್ತಾರೆ. ಕೊಡಗಿನಲ್ಲಿ ಹಣ್ಣಿನ ರಸವನ್ನು ಕುದಿಸಿ ಕಾಚಂಪುಳಿ ಮಾಡುತ್ತಾರೆ. ಕೇರಳದವರಿಗೆ ಒಣಸಿಪ್ಪೆಯಿಲ್ಲದೆ ಮೀನುಸಾರು ಆಗುವುದಿಲ್ಲ. ಈ ಹುಳಿಯಲ್ಲಿರುವ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂಬುದನ್ನು 1965ರಲ್ಲಿ ಪ್ರಕಟಿಸಿದವರು ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯ ವೈ.ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್.

ಆಮೇಲೆ ತಿಳಿದುಬಂದ ಸಂಗತಿ ಇನ್ನೂ ಸ್ವಾರಸ್ಯಕರ. ನಮ್ಮ ಜೀವಕೋಶಗಳು ಹೆಚ್ಚಾದ ಸಕ್ಕರೆಯನ್ನು ಕೊಬ್ಬಾಗಿ ಪರಿವರ್ತಿಸುವಾಗ ಸಿಟ್ರೇಟನ್ನು ಒಡೆಯುವ ಕಿಣ್ವವೊಂದರ ನೆರವು ಬೇಕು. ಸಿಟ್ರೇಟನ್ನೇ ಹೋಲುವ ಹೈಡ್ರಾಕ್ಸಿಸಿಟ್ರೇಟ್ ಆ ಕಿಣ್ವವನ್ನು ಮೋಸಗೊಳಿಸಿ ತಡೆಯುತ್ತದೆ. ಇಲಿಗಳಲ್ಲಿ ಕೊಬ್ಬಿನ ಸಂಶ್ಲೇಷಣೆ ತಗ್ಗಿತು. ಜೀವರಸಾಯನಶಾಸ್ತ್ರದ ದೃಷ್ಟಿಯಿಂದ ಇದು ಸೊಗಸಾದ ಶೋಧ. ಇಷ್ಟನ್ನೇ ಹಿಡಿದು ‘ಗಾರ್ಸಿನಿಯ ಕಾಂಬೋಜಿಯ’ ಎಂಬ ಹೆಸರಿನ ಮಾತ್ರೆಗಳು ಜಗತ್ತಿನಾದ್ಯಂತ ಮಾರಾಟಕ್ಕೆ ಬಂದವು. ನಮ್ಮ ಕಾಡಿನ ಒಣಸಿಪ್ಪೆಗೆ ಬೆಲೆ ಬಂದು, ಹಣ್ಣಿಗಾಗಿ ಕೊಂಬೆಗಳನ್ನೇ ಕಡಿಯುವ ಸಮಸ್ಯೆಯೂ ಹುಟ್ಟಿಕೊಂಡಿತು.

ಮನುಷ್ಯರಲ್ಲಿ ಏನಾಯಿತು? 1998ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ತೂಕ ಹೆಚ್ಚಿದ್ದ 135 ಜನರನ್ನು ಎರಡು ಗುಂಪು ಮಾಡಿದರು. ಎಲ್ಲರಿಗೂ ಕಡಿಮೆ ಕ್ಯಾಲರಿಯ, ನಾರು ಹೆಚ್ಚಿದ್ದ ಆಹಾರ. ಒಂದು ಗುಂಪಿಗೆ ದಿನಕ್ಕೆ 1500 ಮಿಲಿಗ್ರಾಂ ಹೈಡ್ರಾಕ್ಸಿಸಿಟ್ರಿಕ್ ಆಮ್ಲ, ಇನ್ನೊಂದಕ್ಕೆ ಹುಸಿಮದ್ದು. ಹನ್ನೆರಡು ವಾರಗಳ ಬಳಿಕ ಮದ್ದಿನ ಗುಂಪು ಸರಾಸರಿ 3.2 ಕಿಲೊ ಇಳಿದಿತ್ತು. ಹುಸಿಮದ್ದಿನ ಗುಂಪು 4.1 ಕಿಲೊ ಇಳಿದಿತ್ತು! ಈ ವ್ಯತ್ಯಾಸ ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಗಣನೀಯವಲ್ಲ. ಎರಡೂ ಒಂದೇ ಎಂದರ್ಥ. ಈಗ ಯೋಚಿಸಿ. ಎರಡನೆಯ ಗುಂಪೇ ಇಲ್ಲದಿದ್ದರೆ? ‘ಮೂರೇ ತಿಂಗಳಲ್ಲಿ ಮೂರು ಕಿಲೊ’ ಎಂಬ ಜಾಹೀರಾತು ಸುಳ್ಳೇನೂ ಆಗುತ್ತಿರಲಿಲ್ಲ. ತೂಕ ಇಳಿಸಿದ್ದು ಆಹಾರ ಕ್ರಮ, ಹೆಸರು ಪಡೆಯುತ್ತಿದ್ದುದು ಮಾತ್ರೆ. ಸೊಗಸಾದ ಕಾರ್ಯವಿಧಾನವೊಂದು ಕಾಗದದ ಮೇಲಿದ್ದ ಮಾತ್ರಕ್ಕೆ ಶರೀರ ಅದರಂತೆ ನಡೆಯಬೇಕೆಂದಿಲ್ಲ. ದಿನವೂ ಆಹಾರದಲ್ಲಿ ಕೊಬ್ಬು ದೊರೆಯುವ ಮನುಷ್ಯನ ದೇಹ ಸಕ್ಕರೆಯಿಂದ ಹೊಸದಾಗಿ ಕೊಬ್ಬು ತಯಾರಿಸುವುದು ಅಲ್ಪವೇ. ಅಲ್ಪವಾದದ್ದನ್ನು ತಡೆದರೆ ಸಿಗುವುದೂ ಅಲ್ಪ.

ಸಾರಿನಲ್ಲಿರುವ ಉಪ್ಪಾಗೆಯ ಮೇಲೆ ನನ್ನ ತಕರಾರಿಲ್ಲ. ಸಾಂದ್ರೀಕರಿಸಿದ ಸಾರವನ್ನು ತಿಂಗಳುಗಟ್ಟಲೆ ನುಂಗುವುದು ಬೇರೆ ಮಾತು. ಅಂಥ ಮಾತ್ರೆ ಸೇವಿಸಿದವರಲ್ಲಿ ಯಕೃತ್ತಿಗೆ ತೀವ್ರ ಹಾನಿಯಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ.

ಅಮೆರಿಕದಲ್ಲಿ 1994ರ ಕಾಯಿದೆಯಂತೆ ಇಂಥವು ಔಷಧಗಳಲ್ಲ, ‘ಆಹಾರ ಪೂರಕ’ಗಳು. ಮಾರುವ ಮುನ್ನ ಅವು ಫಲಕಾರಿಯೆಂದು ತೋರಿಸಬೇಕಾಗಿಲ್ಲ. ಭಾರತದಲ್ಲಿಯೂ 2016ರ ನಿಯಮಾವಳಿಯಂತೆ ಪೂರಕಗಳು ಆಹಾರ ಸುರಕ್ಷತಾ ಪ್ರಾಧಿಕಾರದ ವ್ಯಾಪ್ತಿಗೆ ಸೇರುತ್ತವೆ. ‘ಔಷಧವಾಗಿ ಬಳಸಲು ಅಲ್ಲ’ ಎಂಬ ಅರ್ಥದ ವಾಕ್ಯ ಡಬ್ಬಿಯ ಮೇಲೆ ಇರಲೇಬೇಕು. ಮುಂದಿನ ಬಾರಿ ಕಣ್ಣಿಗೆ ಬಿದ್ದ ಡಬ್ಬಿಯಲ್ಲಿ ಅದನ್ನು ಹುಡುಕಿ ನೋಡಿ. ಸಣ್ಣ ಅಕ್ಷರದಲ್ಲಿರುತ್ತದೆ.

ಇನ್ನು ‘ನೈಸರ್ಗಿಕ’ ಎಂಬ ಮಾತಿನ ಬೆಲೆ. ಅಮೆರಿಕದ ನಿಯಂತ್ರಕರು 2007ರಿಂದ 2016ರವರೆಗೆ ಕಲಬೆರಕೆಯೆಂದು ಗುರುತಿಸಿದ 776 ಪೂರಕಗಳ ವಿಶ್ಲೇಷಣೆ 2018ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ 317 ತೂಕ ಇಳಿಸುವಂಥವು. ಆ 317ರಲ್ಲಿ 269ರೊಳಗೆ ಸಿಕ್ಕಿದ್ದು ಸಿಬುಟ್ರಮೈನ್. ಹೌದು, ಹೃದಯಕ್ಕೆ ಕೆಟ್ಟದ್ದೆಂದು ಚೀಟಿಯ ಕಪಾಟಿನಿಂದ ತೆಗೆದುಹಾಕಿದ ಅದೇ ಸಿಬುಟ್ರಮೈನ್. ಎಡಗಡೆಯ ಅಂಕಣದಲ್ಲಿ ಸತ್ತ ಮದ್ದು ಬಲಗಡೆಯ ಅಂಕಣದಲ್ಲಿ ಎಲೆಯ ಚಿತ್ರ ಹೊತ್ತು ಹೆಸರಿಲ್ಲದೆ ಬದುಕಿತ್ತು. ಹೋಲಿಕೆಯ ಪಟ್ಟಿಯ ಎರಡು ಅಂಕಣಗಳ ನಡುವಿನ ಗೆರೆ ಎಷ್ಟು ತೆಳು ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ.

ಕಿಲೊಗಳ ಸಾಲು

ನಾಲ್ಕನೆಯ ಸಾಲು: ಎಷ್ಟು ಇಳಿಯುತ್ತದೆ. ಓದುಗರ ಕಣ್ಣು ಮೊದಲು ಹೋಗುವುದು ಇಲ್ಲಿಗೆ. ಇಲ್ಲಿ ಚೀಟಿಯ ಮದ್ದುಗಳ ಪರವಾಗಿ ಹೇಳಬೇಕಾದದ್ದು ಸಾಕಷ್ಟಿದೆ.

ಊಟವಾದಾಗ ಕರುಳು ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಬಿಡುಗಡೆ ಮಾಡುತ್ತದೆ. ಇದು ಇನ್ಸುಲಿನ್ ಸ್ರಾವಕ್ಕೆ ನೆರವಾಗುತ್ತದೆ, ಜಠರ ಖಾಲಿಯಾಗುವುದನ್ನು ನಿಧಾನಗೊಳಿಸುತ್ತದೆ, ಹೊಟ್ಟೆ ತುಂಬಿತೆಂಬ ಸಂದೇಶವನ್ನು ಮಿದುಳಿಗೆ ಮುಟ್ಟಿಸುತ್ತದೆ. ಆದರೆ ರಕ್ತದಲ್ಲಿ ಅದರ ಅರ್ಧಾಯು ಒಂದೆರಡು ನಿಮಿಷ ಮಾತ್ರ. ಅದನ್ನೇ ಹೋಲುವ ಸೆಮಗ್ಲುಟೈಡ್‌ನ ಅರ್ಧಾಯು ಸುಮಾರು ಒಂದು ವಾರ. 2021ರಲ್ಲಿ ಪ್ರಕಟವಾದ, 1961 ಮಂದಿಯ ಪರೀಕ್ಷೆಯಲ್ಲಿ ವಾರಕ್ಕೊಂದು ಚುಚ್ಚುಮದ್ದು ಪಡೆದವರು 68 ವಾರಗಳಲ್ಲಿ ಸರಾಸರಿ ಶೇಕಡಾ 14.9ರಷ್ಟು ತೂಕ ಇಳಿದರು. ಹುಸಿಮದ್ದಿನವರು ಶೇಕಡಾ 2.4. ಟಿರ್ಜೆಪಟೈಡ್‌ನ 72 ವಾರಗಳ ಪರೀಕ್ಷೆಯಲ್ಲಿ ಅತಿ ಹೆಚ್ಚಿನ ಪ್ರಮಾಣ ಪಡೆದವರು ಶೇಕಡಾ 20.9ರಷ್ಟು ಇಳಿದರು. ಈ ಎರಡೂ ಮದ್ದುಗಳು 2025ರಲ್ಲಿ ತೂಕ ಇಳಿಸುವ ಚುಚ್ಚುಮದ್ದುಗಳಾಗಿ ಭಾರತದ ಮಾರುಕಟ್ಟೆಗೆ ಬಂದವು.

ಆರ್ಲಿಸ್ಟಾಟ್‌ನ ದೊಡ್ಡ ಪರೀಕ್ಷೆ ನಡೆದದ್ದು ಸ್ವೀಡನ್‌ನಲ್ಲಿ, 3305 ಮಂದಿಯ ಮೇಲೆ. ಮೊದಲ ವರ್ಷದ ಕೊನೆಗೆ ಮದ್ದಿನವರು 10.6 ಕಿಲೊ, ಹುಸಿಮದ್ದಿನವರು 6.2 ಕಿಲೊ ಇಳಿದಿದ್ದರು. ನಾಲ್ಕು ವರ್ಷಗಳ ಕೊನೆಗೆ ಇಳಿಕೆ 5.8 ಮತ್ತು 3 ಕಿಲೊಗಳಷ್ಟೇ ಉಳಿದಿತ್ತು.

ಪಟ್ಟಿ ಮಾಡುವವರು ಇಲ್ಲಿಂದ ಏನನ್ನಾದರೂ ಆರಿಸಬಹುದು. ಆರ್ಲಿಸ್ಟಾಟ್ ಮಾರುವವರು ‘ಒಂದು ವರ್ಷದಲ್ಲಿ 10 ಕಿಲೊ’ ಎನ್ನಬಹುದು. ಪ್ರತಿಸ್ಪರ್ಧಿ ‘ನಾಲ್ಕು ವರ್ಷಕ್ಕೆ ಕೇವಲ 2.8 ಕಿಲೊ ಲಾಭ’ ಎನ್ನಬಹುದು. ಎರಡೂ ಒಂದೇ ಅಧ್ಯಯನದ ಅಂಕಿಗಳು. ನೀವು ಕೇಳಬೇಕಾದ್ದು ಮೂರು: ಹುಸಿಮದ್ದನ್ನು ಕಳೆದ ಮೇಲೆ ಎಷ್ಟು? ಎಷ್ಟು ಕಾಲಕ್ಕೆ? ಕೊನೆಯವರೆಗೆ ಉಳಿದವರೆಷ್ಟು? ಸ್ವೀಡನ್ನಿನ ಪರೀಕ್ಷೆಯನ್ನು ಪೂರ್ಣಗೊಳಿಸಿದವರು ಮದ್ದಿನ ಗುಂಪಿನಲ್ಲಿ ಶೇಕಡಾ 52, ಹುಸಿಮದ್ದಿನ ಗುಂಪಿನಲ್ಲಿ ಶೇಕಡಾ 34 ಮಾತ್ರ. ನಡುವೆ ಬಿಟ್ಟುಹೋದವರ ಅನುಭವ ಸರಾಸರಿಯೊಳಗೆ ಕಾಣುವುದಿಲ್ಲ. ಬೇರೆ ಬೇರೆ ಪರೀಕ್ಷೆಗಳ ಅಂಕಿಗಳನ್ನು ಪಕ್ಕಪಕ್ಕ ಇಡುವಾಗಲೂ ಎಚ್ಚರ ಬೇಕು. ಅಲ್ಲಿದ್ದ ಜನ, ಆರಂಭದ ತೂಕ, ಜೊತೆಗೆ ಕೊಟ್ಟ ಆಹಾರ ಸಲಹೆ ಒಂದೇ ಆಗಿರುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ಕಿಲೊ ನಮ್ಮ ಗುರಿಯೆ? ಹೃದ್ರೋಗವಿದ್ದು ತೂಕವೂ ಹೆಚ್ಚಿದ್ದ, ಮಧುಮೇಹವಿಲ್ಲದ 17,604 ಮಂದಿಯ ಮೇಲೆ ನಡೆದ ಸೆಮಗ್ಲುಟೈಡ್ ಪರೀಕ್ಷೆಯ ಫಲ 2023ರಲ್ಲಿ ಬಂತು. ಹೃದಯ ಸಂಬಂಧಿ ಸಾವು, ಹೃದಯಾಘಾತ ಅಥವಾ ಪಾರ್ಶ್ವವಾಯು ಹುಸಿಮದ್ದಿನವರಲ್ಲಿ ಶೇಕಡಾ 8, ಮದ್ದಿನವರಲ್ಲಿ ಶೇಕಡಾ 6.5. ಇದನ್ನು ಸಿಬುಟ್ರಮೈನ್‌ನ 10 ಮತ್ತು 11.4ರ ಪಕ್ಕ ಇಟ್ಟು ನೋಡಿ. ಎರಡೂ ಚೀಟಿಯ ಮದ್ದುಗಳು, ಎರಡೂ ತೂಕ ಇಳಿಸುವವು. ಒಂದು ಹೃದಯವನ್ನು ಕಾಪಾಡಿತು, ಇನ್ನೊಂದು ಕೆಡಿಸಿತು. ತೂಕದ ಅಂಕಣವೊಂದನ್ನೇ ನೋಡಿದವರಿಗೆ ಈ ವ್ಯತ್ಯಾಸ ಎಂದಿಗೂ ಕಾಣದು.

ಪಟ್ಟಿಯಲ್ಲಿ ಇಲ್ಲದ ಸಾಲುಗಳು

ಮೊದಲನೆಯದು, ನಿಲ್ಲಿಸಿದರೆ ಏನಾಗುತ್ತದೆ? ಮೇಲೆ ಹೇಳಿದ 2021ರ ಸೆಮಗ್ಲುಟೈಡ್ ಪರೀಕ್ಷೆಯ ಕೆಲವರನ್ನು ಮದ್ದು ನಿಲ್ಲಿಸಿದ ಮೇಲೂ ಒಂದು ವರ್ಷ ಗಮನಿಸಿದರು. ಶೇಕಡಾ 17.3ರಷ್ಟು ಇಳಿದವರಿಗೆ 11.6ರಷ್ಟು ಮರಳಿ ಬಂತು. ಮೂರನೇ ಎರಡು ಭಾಗ. ರಕ್ತದೊತ್ತಡದ ಮಾತ್ರೆಯಂತೆ ಇದೂ ದೀರ್ಘಕಾಲದ ಕಾಯಿಲೆಗೆ ದೀರ್ಘಕಾಲದ ಮದ್ದು. ಮದುವೆಗೆ ಎರಡು ತಿಂಗಳ ಮುಂಚೆ ಆರಂಭಿಸಿ ಮದುವೆಯ ಮರುದಿನ ನಿಲ್ಲಿಸುವಂಥದ್ದಲ್ಲ. ಓಕರಿಕೆ, ವಾಂತಿ, ಭೇದಿ, ಮಲಬದ್ಧತೆ ಸಾಮಾನ್ಯ. ಪಿತ್ತಕೋಶದ ಕಲ್ಲು, ಮೇದೋಜೀರಕ ಗ್ರಂಥಿಯ ಉರಿಯೂತ ವಿರಳವಾದರೂ ಉಂಟು. ಒಂದು ಬಗೆಯ ಥೈರಾಯ್ಡ್ ಕ್ಯಾನ್ಸರ್ ಸ್ವಂತಕ್ಕೆ ಅಥವಾ ಕುಟುಂಬದಲ್ಲಿ ಇದ್ದವರಿಗೆ ಕೊಡುವಂತಿಲ್ಲ. ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಚೀಟಿ ಬರೆಯುವವರು ಇವನ್ನೆಲ್ಲ ಕೇಳಿ ಬರೆದರೆ ಆ ಚೀಟಿಗೆ ಅರ್ಥ. ಎರಡು ನಿಮಿಷದಲ್ಲಿ ಬರೆದು ಕೊಟ್ಟ ಚೀಟಿ, ಚೀಟಿಯಿಲ್ಲದಿರುವುದಕ್ಕೆ ಸಮ.

ಎರಡನೆಯದು, ಕಾನೂನು. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯಿದೆಯ ಅನುಸೂಚಿಯಲ್ಲಿ ಬೊಜ್ಜು ಕೂಡ ಸೇರಿದೆ. ಅದನ್ನು ಗುಣಪಡಿಸುತ್ತೇವೆಂದು ಔಷಧದ ಜಾಹೀರಾತು ಕೊಡುವಂತಿಲ್ಲ. ‘ಔಷಧ’ ಎಂಬ ಪದವನ್ನೂ ‘ಬೊಜ್ಜು’ ಎಂಬ ಪದವನ್ನೂ ತಪ್ಪಿಸಿ ‘ಸ್ಲಿಮ್’, ‘ಫಿಟ್’, ‘ಡಿಟಾಕ್ಸ್’ ಎಂದು ಬರೆಯುವ ಜಾಣತನ ಏತಕ್ಕೆಂದು ಈಗ ಹೊಳೆದಿರಬಹುದು.

ಮೂರನೆಯದು, ಯಾರಿಗೆ? ಮೇಲಿನ ಆರ್ಲಿಸ್ಟಾಟ್ ಪರೀಕ್ಷೆಯಲ್ಲಿದ್ದವರ ದೇಹತೂಕ ಸೂಚ್ಯಂಕ 30 ಅಥವಾ ಹೆಚ್ಚು. 2021ರ ಸೆಮಗ್ಲುಟೈಡ್ ಪರೀಕ್ಷೆಯಲ್ಲಿ 30 ಅಥವಾ ಹೆಚ್ಚು, ಇಲ್ಲವೇ 27ರ ಮೇಲಿದ್ದು ಜೊತೆಗೆ ರಕ್ತದೊತ್ತಡದಂಥ ತೊಂದರೆ. ಭಾರತೀಯರಿಗೆ 23ರಿಂದಲೇ ಅಧಿಕ ತೂಕ, 25ರಿಂದ ಬೊಜ್ಜು ಎಂದು ನಮ್ಮ ತಜ್ಞರು 2009ರಲ್ಲಿ ಒಮ್ಮತಕ್ಕೆ ಬಂದಿದ್ದಾರೆ. ಬೊಜ್ಜು ನಮ್ಮಲ್ಲಿ ನಿಜವಾದ ಕಾಯಿಲೆಯೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಮಹಿಳೆಯರಲ್ಲಿ ಶೇಕಡಾ 24, ಪುರುಷರಲ್ಲಿ ಶೇಕಡಾ 22.9 ಮಂದಿಯ ಸೂಚ್ಯಂಕ 25 ಅಥವಾ ಅದಕ್ಕೂ ಹೆಚ್ಚು. ಅವರಲ್ಲಿ ಮದ್ದು ಬೇಕಾದವರೂ ಇದ್ದಾರೆ. ಅವರು ನಾಚಿಕೆಪಟ್ಟು ಬಲಗಡೆಯ ಅಂಕಣಕ್ಕೆ ಹಣ ಸುರಿಯದೆ ವೈದ್ಯರ ಬಳಿ ಹೋಗಬೇಕಾದದ್ದು ಮುಖ್ಯ. ‘ತಿನ್ನೋದು ಕಡಿಮೆ ಮಾಡಿ’ ಎಂಬ ಒಂದೇ ಮಾತಿನಿಂದ ಅವರನ್ನು ಅಲ್ಲಿಂದ ಓಡಿಸದಿರುವುದು ವೈದ್ಯರ ಹೊಣೆ.

ತರಗತಿಯಲ್ಲಿ

ಅಧ್ಯಾಪಕರಿಗೆ ಒಂದು ಸಲಹೆ. ಇಂಥ ಪಟ್ಟಿಯೊಂದನ್ನು ತರಗತಿಗೆ ತನ್ನಿ. ಎಡ, ಬಲ ಅಂಕಣಗಳ ಹೆಸರನ್ನು ಅಳಿಸಿಬಿಡಿ. ಪ್ರತಿಯೊಂದು ವಸ್ತುವಿನ ಮುಂದೆ ವಿದ್ಯಾರ್ಥಿಗಳೇ ಬರೆಯಲಿ: ಮನುಷ್ಯರ ಮೇಲೆ ಪರೀಕ್ಷೆ ನಡೆದಿದೆಯೆ? ಹುಸಿಮದ್ದಿನ ಗುಂಪು ಇತ್ತೆ? ಎಷ್ಟು ಜನ, ಎಷ್ಟು ಕಾಲ? ತೂಕವಲ್ಲದೆ ಇನ್ನೇನನ್ನು ಅಳೆದರು? ಕೆಡುಕಾದರೆ ಎಣಿಸುವವರು ಯಾರು? ಹೀಗೆ ತುಂಬಿದ ಪಟ್ಟಿಯಲ್ಲಿ ಗೆರೆ ಬೇರೊಂದು ಕಡೆ ಬೀಳುತ್ತದೆ. ಆರ್ಲಿಸ್ಟಾಟ್‌ನ ಎರಡು ಡಬ್ಬಿಗಳು ಒಂದೇ ಪಕ್ಕಕ್ಕೆ ಬರುತ್ತವೆ, ಎಲೆಯ ಚಿತ್ರದ ಡಬ್ಬಿಗಳು ಇನ್ನೊಂದು ಪಕ್ಕದಲ್ಲಿ ಬಹುತೇಕ ಖಾಲಿ ಸಾಲುಗಳೊಡನೆ ಉಳಿಯುತ್ತವೆ.

ಆ ದಿನ ವಿದ್ಯಾರ್ಥಿನಿಗೆ ನಾನು ಇಷ್ಟೆಲ್ಲ ಹೇಳಲಿಲ್ಲ. ಅವಳ ಎತ್ತರ, ತೂಕ ಕೇಳಿ ಅವಳ ಪ್ರಯೋಗ ಪುಸ್ತಕದ ಹಿಂದಿನ ಹಾಳೆಯಲ್ಲಿ ಅವಳಿಂದಲೇ ಲೆಕ್ಕ ಮಾಡಿಸಿದೆ. 1.58 ಮೀಟರ್, 54 ಕಿಲೊ. 54ನ್ನು ಎತ್ತರದ ವರ್ಗದಿಂದ ಭಾಗಿಸಿದರೆ 21.6. ಭಾರತೀಯರ ಮಿತಿಯಂತೆಯೂ ಅವಳ ತೂಕ ಸರಿಯಾಗಿಯೇ ಇತ್ತು. ನಾನು ಓದಿದ ಆ ಪರೀಕ್ಷೆಗಳಲ್ಲಿ ಅವಳಂಥವರು ಒಬ್ಬರೂ ಇರಲಿಲ್ಲ ಎಂದೆ. ಅವಳು ಸ್ವಲ್ಪ ಹೊತ್ತು ಸಂಖ್ಯೆಯನ್ನು ನೋಡಿ, “ಹಾಗಾದ್ರೆ ಈ ಪಟ್ಟಿ ನನಗೆ ಬರೆದದ್ದೇ ಅಲ್ಲ, ಸಾರ್” ಎಂದಳು. ಹಾಳೆಯನ್ನು ನನ್ನ ಬಳಿಯೇ ಬಿಟ್ಟು ಹೋದಳು. ಈ ಲೇಖನ ಬರೆಯುವಾಗ ಅದು ನನ್ನ ಮುಂದೆಯೇ ಇತ್ತು.